ಶೇಕಬ್ಬನ ತೆಂಕು ಬದಿಯ ಮನೆ

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. 1979ರ ಸೆಪ್ಟೆಂಬರಿನ ಒಂದು ಭಾನುವಾರ, ಇಗರ್ಜಿಯಿಂದ ಬಂದವನೇ ಅಂಗಿ ಬಿಚ್ಚಿಟ್ಟು, ಒಂದು ಡಬ್ಬಿ ಕಪ್ಪು ಪೈಂಟು ಹಿಡಿದುಕೊಂಡು ಹೋಗಿ, ಸರಕಾರದ ನಾಲ್ಕು ಮನೆಗಳ ನಂಬರ್ ಬದಲಾಯಿಸಿದವನು ನಾನು, ಹೆರಾಲ್ಡ್. ಕಾಪುವಿನಲ್ಲಿ ಇಪ್ಪತ್ತೊಂಬತ್ತು ವರ್ಷ ಅಂಚೆ ಹಂಚಿದವನು. ಆಗ ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಈಗ ನಿವೃತ್ತಿಯಾಗಿ ಪಿಂಚಣಿ ಸರಿಯಾಗಿ ಬರುತ್ತಿದೆ, ಹೇಳುವುದಕ್ಕೆ ಧೈರ್ಯವೂ ಬಂದಿದೆ. ಅದೂ ಅಲ್ಲದೆ, ನಂಬರ್ ಬದಲಾಯಿಸದೆ ಇದ್ದಿದ್ದರೆ ಮುದ್ದಣ್ಣನ ಕಥೆ ಬೇರೆಯೇ ಆಗುತ್ತಿತ್ತು.

ಮುದ್ದಣ್ಣ ಮೊಗವೀರರ ಪೈಕಿ. ರಂಪಣಿ ಬಲೆಯ ಕಾಲದಲ್ಲಿ ದಡದ ಮೇಲೆ ನಿಂತು ಕಡಲು ನೋಡುವ ಕೆಲಸ ಅವನದು. ನಮ್ಮ ನಿಮ್ಮ ಕಣ್ಣಿಗೆ ಬರೀ ನೀರು ಕಾಣುವ ಕಡೆ ಅವನಿಗೆ ಮೀನಿನ ಹಿಂಡು ಕಾಣುತ್ತಿತ್ತು. ಅವನು ಹೆಗಲ ಬೈರಾಸು ತೆಗೆದು ಬೀಸಿದ ದಿಕ್ಕಿಗೆ ನಲವತ್ತು ಜನ ದೋಣಿ ನೂಕುತ್ತಿದ್ದರು. ದೋಣಿಯಲ್ಲಿ ಹೋದರೂ ಅವನಿಗೆ ದಿಕ್ಕು ತಪ್ಪಿದ್ದಿಲ್ಲ. ದೀಪಸ್ತಂಭವೂ ಇಂಥ ಒಂದು ತೆಂಗಿನ ಮರವೂ ಒಂದೇ ಗೆರೆಗೆ ಬಂದರೆ ಇಲ್ಲಿ ಬಂಡೆ ಉಂಟು, ಅದೇ ಮರ ಸ್ವಲ್ಪ ಬಡಗು ಬದಿಗೆ ಸರಿದರೆ ಇಲ್ಲಿ ಬಲೆ ಹಾಕಬಹುದು, ಹೀಗೆ. ಕಡಲಿನಲ್ಲಿ ಯಾರೂ ನಂಬರ್ ಬರೆದಿಟ್ಟಿರುವುದಿಲ್ಲವಲ್ಲ.

1977ರ ಜೂನಿನಲ್ಲಿ ಅದೇ ಕಡಲು ಎದ್ದು ಬಂದು, ಎರಡು ದಿನಗಳಲ್ಲಿ ಅವರ ಸಾಲಿನ ಹನ್ನೆರಡು ಮನೆಗಳನ್ನು ನುಂಗಿತು. ಜೀವ ಹೋಗಲಿಲ್ಲ. ಮನೆಗಳು, ತೆಂಗಿನ ಮರಗಳು, ಬಲೆ ಒಣಗಿಸುವ ಜಾಗ, ಎಲ್ಲ ಹೋದವು. ಹನ್ನೆರಡು ಸಂಸಾರಗಳೂ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಹತ್ತು ತಿಂಗಳು ಕಳೆದವು. ಅಲ್ಲಿ ಮುದ್ದಣ್ಣನ ಹೆಂಡತಿ ಕುಶಲಾ ಜ್ವರದಿಂದ ತೀರಿಕೊಂಡಳು. ಆ ದಿನ ಮುದ್ದಣ್ಣ ಅಳಲಿಲ್ಲ. ಬಂದವರನ್ನೆಲ್ಲ ಕೂರಿಸಿ, "ಊಟ ಆಯಿತಾ?" ಎಂದು ವಿಚಾರಿಸಿದ. ಗಟ್ಟಿ ಮನುಷ್ಯ ಎಂದು ನಾವೆಲ್ಲ ಹೊಗಳಿದೆವು. ನಮಗೆ ಅಷ್ಟೇ ಬುದ್ಧಿ.

ಮರು ವರ್ಷ ಸರಕಾರ ಹೆದ್ದಾರಿಯ ಮೂಡು ಬದಿಯಲ್ಲಿ ಹನ್ನೆರಡು ಮನೆ ಕಟ್ಟಿಸಿ ಕೊಟ್ಟಿತು. ಒಂದೇ ಸಾಲು, ಒಂದೇ ಅಳತೆ, ಒಂದೇ ಹಳದಿ ಬಣ್ಣ, ಒಂದೇ ಹಸಿರು ಬಾಗಿಲು. ನಕ್ಷೆ ಬರೆದ ಎಂಜಿನಿಯರು ಒಂದು ಮನೆ ಬರೆದು ಉಳಿದದ್ದಕ್ಕೆ ಉದಾಸೀನ ಮಾಡಿ ಮನೆಗೆ ಹೋಗಿರಬೇಕು. ಯಾರಿಗೆ ಯಾವ ಮನೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಯಾರಿಗೂ ಅನ್ಯಾಯ ಆಗಬಾರದು ಎಂದು. ನ್ಯಾಯ ಎಷ್ಟು ಚೆನ್ನಾಗಿ ಆಯಿತೆಂದರೆ, ನಲವತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವರು ಈ ತುದಿಗೂ ಆ ತುದಿಗೂ ಹೋಗಿ ಬಿದ್ದರು.

ಹಳೆಯ ಸಾಲಿನಲ್ಲಿ ಮುದ್ದಣ್ಣನ ಮನೆಯ ಬಡಗು ಬದಿಯಲ್ಲಿ ಶೇಕಬ್ಬ ಬ್ಯಾರಿಗಳ ಮನೆ. ಸರಕು ಸಾಗಿಸುವ ಮಂಜಿ ಹಡಗಿನಲ್ಲಿ ಕೆಲಸ ಮಾಡಿ ಉಬ್ಬಸ ಸಂಪಾದಿಸಿಕೊಂಡು ಬಂದವರು, ಇಡೀ ದಿನ ಜಗಲಿಯಲ್ಲಿ ಕುಳಿತು ಕೆಮ್ಮುವವರು. ತೆಂಕು ಬದಿಯಲ್ಲಿ ಬರ್ತಾ ಬಾಯಿಯ ಮನೆ. ನಮ್ಮ ಇಗರ್ಜಿಯ ವಿಧವೆ, ಅರವತ್ತು ವರ್ಷ, ನಾಲಿಗೆ ಮಾತ್ರ ಇಪ್ಪತ್ತರದ್ದು. ಹೊಸ ಸಾಲಿನಲ್ಲಿ ಶೇಕಬ್ಬರಿಗೆ ಮೂರನೇ ನಂಬರ್, ಬರ್ತಾ ಬಾಯಿಗೆ ನಾಲ್ಕು, ಮುದ್ದಣ್ಣನಿಗೆ ಹನ್ನೊಂದು ಬಂತು.

ಮುದ್ದಣ್ಣ ಮೊದಲಿನಂತೆಯೇ ಬೆಳಗ್ಗೆ ಎದ್ದು ಕಡಲು ನೋಡಲು ಹೋಗುತ್ತಿದ್ದ. ಹೋಗುವುದಕ್ಕೆ ತೊಂದರೆ ಇರಲಿಲ್ಲ. ಬರುವುದೇ ತಾಪತ್ರಯ. ತಿರುಗಿ ಬಂದವನು ನೇರವಾಗಿ ಬರ್ತಾ ಬಾಯಿಯ ಜಗಲಿ ಹತ್ತಿ, ಕಂಬಕ್ಕೆ ಒರಗಿ, "ಕುಶಲಾ, ಗಂಜಿ" ಎನ್ನುತ್ತಿದ್ದ.

ಮೊದಲ ದಿನ ಬರ್ತಾ ಬಾಯಿ ಕಸ ಗುಡಿಸುತ್ತಿದ್ದ ಹಿಡಿಸೂಡಿ ಹಿಡಿದುಕೊಂಡೇ ಹೊರಗೆ ಬಂದಳು.

"ನಾನು ಕುಶಲಾ ಅಲ್ಲ, ಬರ್ತಾ! ನಿಮ್ಮ ಮನೆ ಹನ್ನೊಂದು. ಏಳಿ ಇಲ್ಲಿಂದ."

"ಉಪ್ಪಿನಕಾಯಿ ಬೇಡ, ಚಟ್ನಿ ಸಾಕು" ಎಂದ ಮುದ್ದಣ್ಣ.

ಮುದ್ದಣ್ಣನ ಮಗಳು ಸುಗಂಧಿ ಬೆಳಗ್ಗೆ ಮೀನಿನ ಬುಟ್ಟಿ ಹೊತ್ತು ಮಾರ್ಕೆಟಿಗೆ ಹೋದರೆ ಬರುವಾಗ ಮಧ್ಯಾಹ್ನ. ಅಲ್ಲಿಯವರೆಗೆ ಹಸಿದ ಮುದುಕನನ್ನು ಜಗಲಿಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಬೈಯಬಹುದು? ಒಂದು ವಾರ ಬೈದಳು. ಎರಡನೇ ವಾರ ಬೈಯುತ್ತಾ ಗಂಜಿ ಕೊಟ್ಟಳು. ಮೂರನೇ ವಾರದಿಂದ ಅಕ್ಕಿಯನ್ನೇ ಒಂದು ಹಿಡಿ ಹೆಚ್ಚು ಹಾಕಿದಳು, ಬೈಗುಳವನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸಿದಳು. "ನಾನು ಕುಶಲಾ ಅಲ್ಲ" ಎಂಬ ಘೋಷಣೆ ದಿನಕ್ಕೆ ಹತ್ತು ಸಲ ಹೆದ್ದಾರಿಯವರೆಗೆ ಕೇಳುತ್ತಿತ್ತು. ಪಾದ್ರಿಗಳ ಕಿವಿಗೂ ಬಿದ್ದು, ಅವರು ಒಮ್ಮೆ ಮೆಲ್ಲಗೆ ವಿಚಾರಿಸಿದರಂತೆ. "ಫಾದರ್, ನೀವೇ ಬಂದು ಅವರನ್ನು ಎಬ್ಬಿಸಿ, ಹೋಗುವಾಗ ನಿಮಗೂ ಒಂದು ಬಟ್ಟಲು ಗಂಜಿ ಕೊಡುತ್ತೇನೆ" ಎಂದಳಂತೆ. ಅವರು ಮತ್ತೆ ಕೇಳಲಿಲ್ಲ.

ಇದರಿಂದ ಲಾಭವಾದದ್ದು ನನಗೆ. ಬರ್ತಾ ಬಾಯಿ ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ನನಗೆ ಒಂದು ಲೋಟ ನೀರು ಕೊಟ್ಟವಳಲ್ಲ. ಈಗ ನಾನು ಸೈಕಲ್ ನಿಲ್ಲಿಸಿದ ಕೂಡಲೇ ಮುದ್ದಣ್ಣ ಯಜಮಾನನ ಗತ್ತಿನಲ್ಲಿ, "ಬನ್ನಿ, ಬನ್ನಿ. ಕುಶಲಾ, ಪೋಸ್ಟಿನವರಿಗೆ ಬೆಲ್ಲ ನೀರು ತಾ" ಎನ್ನುತ್ತಿದ್ದ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡಬೇಕೆಂದು ಒಬ್ಬರು ಬಾಯಿಬಿಟ್ಟು ಹೇಳಿದ ಮೇಲೆ ಕೊಡದೆ ಇರಲು ಯಾವ ಹೆಂಗಸಿಗಾದರೂ ಆಗುತ್ತದಾ? ಕಣ್ಣಿನಲ್ಲೇ ನನ್ನನ್ನು ಸುಡುತ್ತಾ ತಂದು ಕುಕ್ಕುತ್ತಿದ್ದಳು. ಬೆಲ್ಲ ಒಳ್ಳೆಯದಿತ್ತು.

ಹೀಗೆ ನಗುತ್ತಾ ಇನ್ನೆಷ್ಟು ದಿನ ಇರುತ್ತಿದ್ದೆವೋ. 1979ರ ಆಗಸ್ಟಿನಲ್ಲಿ ಒಂದು ದಿನ ಶೇಕಬ್ಬರ ಉಬ್ಬಸ ಜೋರಾಗಿ ಅವರನ್ನು ಉಡುಪಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ದಿನ ಮುದ್ದಣ್ಣ ಕಡಲಿನಿಂದ ಬಂದವನು ಹನ್ನೆರಡು ಮನೆಗಳನ್ನೂ ದಾಟಿ, ತಿರುಗಿ, ಮತ್ತೆ ದಾಟಿ, ಹೆದ್ದಾರಿ ಹಿಡಿದು ನಡೆದೇ ಹೋದ. ಸಂಜೆ ಉದ್ಯಾವರದ ಸೇತುವೆಯ ಹತ್ತಿರ ಸಿಕ್ಕಿದ. ಮಳೆಯಲ್ಲಿ ನೆನೆದು, ಲಾರಿಗಳು ಮೈ ಸವರಿಕೊಂಡು ಹೋಗುವ ಜಾಗದಲ್ಲಿ ಕುಳಿತಿದ್ದ. ಸುಗಂಧಿ ಅವನನ್ನು ತಬ್ಬಿಕೊಂಡು ಅತ್ತಳು. ಅವನು, "ಮನೆ ಎಲ್ಲಿಯೋ ಹೋಯಿತು ಮಗಾ" ಎಂದ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಸುದ್ದಿ ಕಾರ್ಕಳಕ್ಕೆ ತಲುಪಿ ಉಮಾನಾಥ ಬಂದ. ಮುದ್ದಣ್ಣನ ತಂಗಿಯ ಮಗ, ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಒಳ್ಳೆಯವನೇ. ಆದರೆ ಬಸ್ಸೂ ಮನುಷ್ಯರೂ ಬರೆದಿಟ್ಟ ಹೊತ್ತಿಗೆ ಬರೆದಿಟ್ಟ ಜಾಗದಲ್ಲಿ ಇರಬೇಕೆಂದು ನಂಬಿದವನು. ಮಾವನನ್ನೂ ಸುಗಂಧಿಯನ್ನೂ ಕರೆದುಕೊಂಡು ಮಣಿಪಾಲಕ್ಕೆ ಹೋದ. ಅಲ್ಲಿ ನಡೆದದ್ದನ್ನು ಸುಗಂಧಿ ನಮಗೆ ಅಭಿನಯಿಸಿ ತೋರಿಸಿದಳು.

"ಇದು ಯಾವ ಊರು?" ಎಂದು ಡಾಕ್ಟರು ಕೇಳಿದರಂತೆ.

"ಮಣಿಪಾಲ. ಇಷ್ಟು ಎತ್ತರದಲ್ಲಿ ಮತ್ತೆ ಯಾವ ಊರು ಉಂಟು?"

"ಈಗ ಪ್ರಧಾನಮಂತ್ರಿ ಯಾರು?"

ಮುದ್ದಣ್ಣ ಯೋಚಿಸಿ, "ನಾವು ಬಸ್ಸು ಹತ್ತುವಾಗ ಒಬ್ಬರು ಇದ್ದರು. ಇಳಿಯುವಾಗ ಯಾರೋ ಗೊತ್ತಿಲ್ಲ" ಎಂದನಂತೆ. ಆ ತಿಂಗಳು ದೆಹಲಿಯಲ್ಲಿ ಸರಕಾರಗಳು ಒಂದರ ಹಿಂದೆ ಒಂದು ಬೀಳುತ್ತಿದ್ದುದು ಹಾಗೆಯೇ ಇತ್ತು. ಡಾಕ್ಟರು ನರ್ಸಿನ ಮುಖ ನೋಡಿ, ಅವಳಿಗೂ ಗೊತ್ತಿಲ್ಲದೆ, ಪೂರ್ತಿ ಮಾರ್ಕು ಕೊಟ್ಟರಂತೆ.

"ನಿಮ್ಮ ಮನೆ ಎಲ್ಲಿ?"

"ಶೇಕಬ್ಬನ ತೆಂಕು ಬದಿ."

ಇದಕ್ಕೆ ಮಾತ್ರ ಸೊನ್ನೆ. ವಿಳಾಸ ಹೇಳಲು ಬರುವುದಿಲ್ಲ ಎಂದು ಬರೆದುಕೊಂಡರು. ಆಮೇಲೆ ಸಮಾಧಾನದಿಂದ ವಿವರಿಸಿದರಂತೆ: ಮನೆ, ಹೆಂಡತಿ, ನೆರೆಕರೆ ಎಲ್ಲ ಒಟ್ಟಿಗೆ ಹೋದಾಗ ವಯಸ್ಸಾದವರಿಗೆ ಹೀಗೆ ಮರೆವು ಬೇಗ ಹತ್ತುವುದುಂಟು, ಇದಕ್ಕೆ ಮಾತ್ರೆ ಇಲ್ಲ, ಗುರುತಿನ ಮುಖಗಳು ಸುತ್ತ ಇರಲಿ, ಒಬ್ಬರನ್ನೇ ಬಿಡಬೇಡಿ. ಉಮಾನಾಥನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

"ನಿನಗೆ ಬುಟ್ಟಿ ಬಿಟ್ಟು ಮನೆಯಲ್ಲಿ ಕೂರಲಿಕ್ಕೆ ಆಗುವುದಿಲ್ಲ. ನವರಾತ್ರಿ ಶುರುವಾಗುವವರೆಗೆ ನೋಡುತ್ತೇನೆ" ಎಂದ ಸುಗಂಧಿಗೆ. "ಮಾವ ತಾನಾಗಿ ತನ್ನ ಮನೆಗೆ ಬಂದರೆ ಸರಿ. ಇಲ್ಲದಿದ್ದರೆ ಕಾರ್ಕಳಕ್ಕೆ ಕರೆದುಕೊಂಡು ಹೋಗುತ್ತೇನೆ. ನಮ್ಮದು ಒಂದು ಕೋಣೆ, ಹೊರಗಿನಿಂದ ಚಿಲಕ ಉಂಟು. ಸುಖವಾಗಿ ಇರುತ್ತಾರೆ."

ಆ ಚಿಲಕದ ಮಾತನ್ನು ಸುಗಂಧಿ ಮರುದಿನವೇ ನನ್ನ ಹತ್ತಿರ ತಂದಳು. ಕಡಲನ್ನೇ ನೋಡಿ ಬದುಕಿದ ಅಪ್ಪನನ್ನು ಬಂಡೆಗಳ ಊರಿನ ಒಂದು ಕೋಣೆಯಲ್ಲಿ ಕೂಡಿಹಾಕಿದರೆ ನಾಲ್ಕು ತಿಂಗಳು ಇರುತ್ತಾರಾ ಹೆರಾಲ್ಡಣ್ಣ ಎಂದು ನನ್ನನ್ನು ಕೇಳಿದಳು. ಕಾಗದ ಹಂಚುವವನಿಗೆ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರುತ್ತದೆ ಎಂದು ಜನ ತಿಳಿದುಕೊಂಡಿದ್ದಾರೆ.

ಅದಾಗಿ ಹತ್ತು ದಿನಕ್ಕೆ ಪವಾಡ ನಡೆಯಿತು. ಒಂದು ಬುಧವಾರ ಮುದ್ದಣ್ಣ ಕಡಲಿನಿಂದ ಬಂದವನು ಬರ್ತಾ ಬಾಯಿಯ ಜಗಲಿಯ ಕಡೆ ಕಣ್ಣೆತ್ತಿಯೂ ನೋಡದೆ, ನೇರವಾಗಿ ಹನ್ನೊಂದನೇ ನಂಬರಿಗೆ ಹೋಗಿ ಕುಳಿತ! ಯಾರೋ ಓಡಿಹೋಗಿ ಮಾರ್ಕೆಟಿನಿಂದ ಸುಗಂಧಿಯನ್ನು ಕರೆದು ತಂದರು. ಅವಳು ದೇವರಿಗೆ ದೀಪ ಹಚ್ಚಿ ಕೇರಿಗೆಲ್ಲ ಅವಲಕ್ಕಿ ಹಂಚಿದಳು. ಶೇಕಬ್ಬರ ಹೆಂಡತಿ ಐಸಮ್ಮ ಉಳ್ಳಾಲದ ದರ್ಗಾಕ್ಕೆ ಹೇಳಿಕೊಂಡಿದ್ದ ಹರಕೆಯೇ ಫಲಿಸಿದ್ದು ಎಂದರು. ಬರ್ತಾ ಬಾಯಿ ಮಾತ್ರ, "ಮಾಡಿದ ಗಂಜಿ ಎಂತ ಮಾಡುವುದು ಈಗ? ಮೊದಲೇ ಹೇಳಬಾರದಾ?" ಎಂದು ಊರಿಡೀ ಕೇಳುವಂತೆ ಗದರಿಸಿದಳು. ಯಾರಿಗೆ ಗದರಿಸಿದಳೋ ತಿಳಿಯಲಿಲ್ಲ.

ಗುರುವಾರ ಮುದ್ದಣ್ಣ ಮತ್ತೆ ಬರ್ತಾ ಬಾಯಿಯ ಕಂಬಕ್ಕೆ ಒರಗಿಕೊಂಡಿದ್ದ.

ನಾನು ಬೆಲ್ಲ ಕಚ್ಚುತ್ತಾ ಯೋಚಿಸಿದೆ. ಬುಧವಾರ ಏನು ಬೇರೆ ಇತ್ತು? ಮಳೆ ಇರಲಿಲ್ಲ. ಮೀನು ಇರಲಿಲ್ಲ. ಬರ್ತಾ ಬಾಯಿಯ ಮುಖ ಎಂದಿನಂತೆಯೇ ಇತ್ತು. ಆಗ ಪಕ್ಕದ ಜಗಲಿಯಿಂದ ಶೇಕಬ್ಬರು ಕೆಮ್ಮಿದರು. ಬುಧವಾರ ಶೇಕಬ್ಬರು ಅಲ್ಲಿ ಇರಲಿಲ್ಲ! ಮನೆಗೆ ಸುಣ್ಣ ಬಳಿಯುತ್ತಿದ್ದರು, ಸುಣ್ಣದ ವಾಸನೆ ಎದೆಗೆ ಆಗದೆ ಅವರು ಇಡೀ ಬೆಳಗ್ಗೆ ಹತ್ತನೇ ನಂಬರಿನಲ್ಲಿ, ಭಾವ ಇದಿನಬ್ಬರ ಜಗಲಿಯಲ್ಲಿ ಕುಳಿತಿದ್ದರು. ಹತ್ತರ ತೆಂಕು ಬದಿ ಹನ್ನೊಂದು. ಮೂರರ ತೆಂಕು ಬದಿ ನಾಲ್ಕು. ಉಡುಪಿಗೆ ಹೋದ ದಿನ ಶೇಕಬ್ಬರೂ ಇಲ್ಲ, ತೆಂಕು ಬದಿಯೂ ಇಲ್ಲ.

ಮುದ್ದಣ್ಣ ಮನೆಯನ್ನು ಮರೆತಿರಲಿಲ್ಲ. ಡಾಕ್ಟರಿಗೆ ಸರಿಯಾದ ವಿಳಾಸವನ್ನೇ ಹೇಳಿದ್ದ. ನಾವೆಲ್ಲ ಸೇರಿ ಅವನ ದೀಪಸ್ತಂಭವನ್ನು ಕಿತ್ತು ಬೇರೆ ಕಡೆ ನೆಟ್ಟಿದ್ದೆವು. ನಾನು, ಇಷ್ಟು ವರ್ಷ ವಿಳಾಸ ಓದುವುದನ್ನೇ ಕಸುಬು ಮಾಡಿಕೊಂಡವನು, ಒಂದು ವರ್ಷ ಅವನ ಬೆಲ್ಲ ತಿಂದೂ ಅದನ್ನು ಓದಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ತಿಳಿದದ್ದನ್ನು ಆಗಲೇ ಎಲ್ಲರಿಗೂ ಹೇಳಿದೆ.

"ಹಾಗಾದರೆ ನಾನು ದಿನಾ ಹತ್ತರಲ್ಲಿ ಕುಳಿತರಾಯಿತು" ಎಂದರು ಶೇಕಬ್ಬರು, ಬಹಳ ಹೆಮ್ಮೆಯಿಂದ. "ಕಾಪುವಿಗೆ ಎರಡನೇ ಲೈಟ್‌ಹೌಸ್ ನಾನು."

ಎರಡು ದಿನ ಕುಳಿತರು. ಮೂರನೇ ದಿನ ಭಾವ ಭಾವಂದಿರಿಗೆ ಜಗಳ ಹತ್ತಿತು. ಇದಿನಬ್ಬರ ಮಗ ದುಬೈಯಿಂದ ತಂದ ಟೇಪ್‌ರೆಕಾರ್ಡರಿಗೂ ಶೇಕಬ್ಬರ ಕೆಮ್ಮಿಗೂ ಹೊಂದಿಕೆ ಆಗಲಿಲ್ಲ. ಮೂವತ್ತು ವರ್ಷಗಳಿಂದ ಅವರಿಬ್ಬರಿಗೆ ಒಂದು ವಿಷಯದಲ್ಲೂ ಹೊಂದಿಕೆ ಆದದ್ದಿಲ್ಲ. ಕುಳಿತುಕೊಳ್ಳುವುದು ಆಗದ ಮಾತು, ಮನೆಯನ್ನೇ ಬದಲಿಸಿಕೊಳ್ಳಿ ಎಂದೆ. ಇದಿನಬ್ಬರು, "ನಾನು ನುಗ್ಗೆ ನೆಟ್ಟಿದ್ದೇನೆ, ಬಿಡುವುದಿಲ್ಲ" ಎಂದರು.

ಐಸಮ್ಮ ಒಳಗಿನಿಂದ ಬಂದರು. ತಮ್ಮನ ಮುಖ ನೋಡಿ, "ಇದಿನಬ್ಬಾ, ರಂಪಣಿ ಎಳೆದ ದಿನ ಮುದ್ದಣ್ಣ ನಮ್ಮ ಅಂಗಳಕ್ಕೆ ಮೀನು ಹಾಕದೆ ಹೋದದ್ದು ಉಂಟಾ? ನೀನು ತಿಂದಿಲ್ವಾ?" ಎಂದರು. ನುಗ್ಗೆಯ ಮಾತು ಅಲ್ಲಿಗೆ ಮುಗಿಯಿತು.

ಬರ್ತಾ ಬಾಯಿ ತಕರಾರು ತೆಗೆದಳು. "ಅವರು ಅತ್ತ ಹೋದರೆ ನಾನು ಈ ಟೇಪ್‌ರೆಕಾರ್ಡರಿನ ಪಕ್ಕ ಇರಬೇಕಾ? ನನಗೆ ಹನ್ನೆರಡು ಬೇಕು."

ಹನ್ನೆರಡು ಹನ್ನೊಂದರ ತೆಂಕು ಬದಿ. ಹಳೆಯ ಸಾಲಿನಲ್ಲಿ ಅವಳ ಜಾಗ ಅದೇ.

"ಮುದ್ದಣ್ಣನ ಪಕ್ಕವೇ ಯಾಕೆ ಬಾಯಿ?" ಎಂದೆ, ಸುಮ್ಮನಿರಲಾರದೆ.

"ಗೋಡೆಯ ಮೇಲಿನಿಂದ ಜಗಳ ಮಾಡಲಿಕ್ಕೆ ಒಬ್ಬರು ಬೇಡವಾ? ನೀವು ನಿಮ್ಮ ಕಾಗದ ನೋಡಿಕೊಳ್ಳಿ."

ಹನ್ನೆರಡರಲ್ಲಿ ಇದ್ದವರು ಡೆನಿಸ್ ಮತ್ತು ಜೆಸ್ಸಿ, ಹೊಸ ಜೋಡಿ. ತಾವು ಸಾಕಿದ ಕೋಳಿಗಳು ಒಪ್ಪಿದರೆ ತಮ್ಮದೇನೂ ಅಡ್ಡಿ ಇಲ್ಲ ಎಂದರು. ಸುಗಂಧಿ ಮಾತ್ರ ಅಳುಕುತ್ತಾ, "ಶೇಕಬ್ಬ ಬ್ಯಾರಿಗಳಿಗೆ ಹೆಚ್ಚುಕಡಿಮೆ ಆದರೆ ಅಪ್ಪನ ಗತಿ?" ಎಂದಳು. "ಮುದ್ದಣ್ಣ ಹೋಗದೆ ನಾನು ಹೋಗುವುದಿಲ್ಲ ಮಗಳೇ" ಎಂದರು ಶೇಕಬ್ಬರು. ಆ ಮಾತನ್ನು ಉಳಿಸಿಕೊಂಡರು ಎಂದು ಈಗಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷ, ಆ ಎದೆಯಲ್ಲಿ.

ಇನ್ನು ಉಳಿದದ್ದು ಸರಕಾರ. ಹಂಚಿಕೆಯಾದ ಮನೆಯನ್ನು ಬದಲಿಸಿಕೊಂಡರೆ ಹಂಚಿಕೆ ರದ್ದು ಎಂದು ಪತ್ರದಲ್ಲೇ ಇತ್ತು. ಆ ಪತ್ರಗಳನ್ನು ಹಂಚಿದವನೇ ನಾನು. ಹಾಗಾಗಿ ಉಪಾಯವನ್ನೂ ನಾನೇ ಹುಡುಕಬೇಕಾಯಿತು. ಜನ ನಂಬರಿನ ಹಿಂದೆ ಹೋಗುವ ಬದಲು ನಂಬರು ಜನರ ಹಿಂದೆ ಹೋಗಲಿ! ಆ ಭಾನುವಾರ ಮಧ್ಯಾಹ್ನದೊಳಗೆ ನಾಲ್ಕು ಸಂಸಾರಗಳ ಪಾತ್ರೆ, ಚಾಪೆ, ಏಸುವಿನ ಪಟ, ಟೇಪ್‌ರೆಕಾರ್ಡರ್, ಕೋಳಿಗಳು ಎಲ್ಲ ರಸ್ತೆಗೆ ಇಳಿದು ಆಚೀಚೆ ಹೋದವು. ನುಗ್ಗೆ ಗಿಡವೂ ಬೇರಿನ ಮಣ್ಣಿನೊಂದಿಗೆ ಹೋಯಿತು. ಮುದ್ದಣ್ಣ ಒಬ್ಬ ಮಾತ್ರ ಇದ್ದಲ್ಲೇ ಇದ್ದು, ಯಾರದೋ ಮದುವೆ ಎಂದು ತಿಳಿದು, "ದಿಬ್ಬಣ ಎಷ್ಟು ಗಂಟೆಗೆ?" ಎಂದು ಹೋದವರನ್ನೆಲ್ಲ ವಿಚಾರಿಸಿದ. ನಾನು ಬಾಗಿಲುಗಳ ಮೇಲೆ ನಂಬರ್ ಬರೆದೆ. ಸಾಲು ಹೀಗಾಯಿತು: ಒಂದು, ಎರಡು, ಹತ್ತು, ಹನ್ನೆರಡು, ಐದು, ಆರು, ಏಳು, ಎಂಟು, ಒಂಬತ್ತು, ಮೂರು, ಹನ್ನೊಂದು, ನಾಲ್ಕು.

ನಮ್ಮ ಅದೃಷ್ಟಕ್ಕೆ ಮೂರೇ ದಿನದಲ್ಲಿ ಕಂದಾಯದವರು ತನಿಖೆಗೆ ಬಂದರು. ಎರಡು ದಾಟಿ ಹತ್ತು ಕಂಡ ಕೂಡಲೇ ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಮೂರು ಎಲ್ಲಿ?"

"ಒಂಬತ್ತು ಕಳೆದ ಮೇಲೆ ಉಂಟು ಸರ್" ಎಂದೆ, ಕಾಗದ ಹಂಚಲು ಬಂದವನಂತೆ.

ಶೇಕಬ್ಬರು ಪತ್ರ ತೋರಿಸಿದರು. "ಪತ್ರದಲ್ಲಿ ಮೂರು. ಬಾಗಿಲಲ್ಲಿ ಮೂರು. ನಾನು ಒಳಗೆ. ಎಂತ ತಪ್ಪು ಉಂಟು?" ಹುಡುಕಿದರೂ ತಪ್ಪು ಸಿಗಲಿಲ್ಲ. ಇನ್‌ಸ್ಪೆಕ್ಟರು ಸೋತು ಮುದ್ದಣ್ಣನ ಕಡೆ ತಿರುಗಿ, "ಅಜ್ಜಾ, ಇದು ಮೊದಲಿನಿಂದಲೂ ಹೀಗೆಯೇ ಉಂಟಾ?" ಎಂದರು.

"ಹೀಗೆಯೇ" ಎಂದ ಮುದ್ದಣ್ಣ. "ನನ್ನ ಅಜ್ಜನ ಕಾಲದಿಂದ ಹೀಗೆಯೇ."

ಮನೆ ಕಟ್ಟಿ ಒಂದೂವರೆ ವರ್ಷವಾಗಿತ್ತು. ಗುತ್ತಿಗೆದಾರನ ಪೈಂಟರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ಬರೆದುಕೊಂಡು ಅವರು ಜೀಪು ಹತ್ತಿದರು. ಆ ಪೈಂಟರು ಎಲ್ಲಿದ್ದರೂ ನನ್ನನ್ನು ಕ್ಷಮಿಸಲಿ.

ನವರಾತ್ರಿ ಶುರುವಾಗುವ ಶನಿವಾರ ಉಮಾನಾಥ ಒಂಬತ್ತೂ ಹತ್ತರ ಬಸ್ಸಿಗೆ ಬಂದ. ಕೈಯಲ್ಲಿ ಮಾವನಿಗೆಂದು ಹೊಸ ಹೊದಿಕೆ. ಬಂದವನೇ ಹನ್ನೊಂದರ ಜಗಲಿಯಲ್ಲಿ ಕುಳಿತು ವಾಚು ನೋಡಿದ. ಸುಗಂಧಿ ಆ ದಿನ ಮಾರ್ಕೆಟಿಗೆ ಹೋಗಲಿಲ್ಲ. ನಾನು ಇಲ್ಲದ ಕಾಗದವೊಂದನ್ನು ಚೀಲದಲ್ಲಿ ಹುಡುಕುತ್ತಾ ನಿಂತೆ.

ಮುದ್ದಣ್ಣ ಬಂದ. ಒಂದು ದಾಟಿದ, ಎರಡು ದಾಟಿದ. ಹೋದ ಶನಿವಾರದವರೆಗೆ ಬರ್ತಾ ಬಾಯಿ ಇದ್ದ ಮನೆಯ ಎದುರು ನಿಂತುಬಿಟ್ಟ. ಜಗಲಿಯ ಕಂಬ ನೋಡಿದ. ಜೆಸ್ಸಿ ಒಳಗೆ ಅಡಗಿದಳು. ಇಡೀ ದಿನ ನಿಲ್ಲದ ಶೇಕಬ್ಬರ ಕೆಮ್ಮು ಆ ಹೊತ್ತಿಗೆ ಸರಿಯಾಗಿ ನಿಂತುಹೋಯಿತು! ಐಸಮ್ಮ ಬೆನ್ನಿಗೆ ಗುದ್ದಿದರು. ನಾನು ಅವರ ಮುಖಕ್ಕೆ ಚೀಲದ ಧೂಳು ಕೊಡವಿದೆ. ಕೊನೆಗೆ ಬಂತು ನೋಡಿ ಕೆಮ್ಮು, ಹೆದ್ದಾರಿಯ ಲಾರಿಯೂ ದಾರಿ ಬಿಡುವಂಥದ್ದು.

ಮುದ್ದಣ್ಣ ತಲೆ ಎತ್ತಿದ. ಸರಸರನೆ ನಡೆದು ಬಂದ. "ಶೇಕಬ್ಬಾ, ನೀರು ಕಪ್ಪಾಗಿದೆ. ಬೂತಾಯಿ ಮೀನಿನ ಹಿಂಡು ಉಂಟು" ಎಂದು ಹೇಳಿ, ಮುಂದಿನ ಮನೆಯ ಮೆಟ್ಟಿಲು ಹತ್ತಿದ. ಹನ್ನೊಂದು.

ಸುಗಂಧಿ ಬಾಯಿಗೆ ಸೆರಗು ಒತ್ತಿಕೊಂಡಳು.

ಜಗಲಿಯಲ್ಲಿ ಕುಳಿತ ಉಮಾನಾಥನನ್ನು ಮುದ್ದಣ್ಣ ಮರ್ಯಾದೆಯಿಂದ ನೋಡಿದ. "ಕುಳಿತುಕೊಳ್ಳಿ, ಕುಳಿತುಕೊಳ್ಳಿ. ಯಾವ ಊರಾಯಿತು?"

ಉಮಾನಾಥನ ಮುಖ ಸಣ್ಣದಾಯಿತು. "ಕಾರ್ಕಳ, ಮಾವ."

"ದೂರದಿಂದ ಬಂದಿದ್ದೀರಿ. ಕುಶಲಾ, ಕಾರ್ಕಳದವರಿಗೆ ಬೆಲ್ಲ ನೀರು ತಾ."

ತೆಂಕು ಬದಿಯ ಗೋಡೆಯ ಆಚೆಯಿಂದ ಬರ್ತಾ ಬಾಯಿಯ ದನಿ ಕೇಳಿತು.

"ಬಂದೆ."

ಒಂದೂವರೆ ವರ್ಷದಲ್ಲಿ ಆ ಹೆಸರಿಗೆ ಅವಳು ಓಗೊಟ್ಟದ್ದು ಅದೇ ಮೊದಲು. ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ಹಿಡಿದುಕೊಂಡು ಗೋಡೆ ಸುತ್ತಿ ಬಂದು ನಿಂತಳು. ಮುದ್ದಣ್ಣ ಅವಳನ್ನು ನೋಡಿದ. ಅವಳು ಬಂದ ದಿಕ್ಕನ್ನು ನೋಡಿದ.

"ಬರ್ತಾ ಬಾಯಿ, ನೀವು ಯಾಕೆ ಬಂದದ್ದು? ನಾನು ಕರೆದದ್ದು ಕುಶಲಾಳನ್ನು ಅಲ್ವಾ?"

ಬರ್ತಾ ಬಾಯಿ ತಟ್ಟೆಯನ್ನೂ ಚೊಂಬನ್ನೂ ಮೆಲ್ಲಗೆ ಜಗಲಿಯ ಮೇಲೆ ಇಟ್ಟಳು. ಅವಳು ಕುಕ್ಕದೆ ಇಟ್ಟದ್ದನ್ನು ನಾನು ಕಂಡದ್ದು ಆ ಒಂದು ದಿನ. ಮುದ್ದಣ್ಣ ಒಳಗಿನ ಬಾಗಿಲ ಕಡೆ ತಿರುಗಿ, ಬಹಳ ಹೊತ್ತು ನೋಡಿದ.

"ಅವಳು ಇಲ್ಲ ಅಲ್ವಾ" ಎಂದ.

"ಇಲ್ಲ ಮುದ್ದಣ್ಣ" ಎಂದಳು ಬರ್ತಾ ಬಾಯಿ.

"ಶಾಲೆಯಲ್ಲಿ ಹೋದದ್ದು."

"ಹೌದು. ಜ್ವರ ಬಂದು."

ಅವನು ಜಗಲಿಯಲ್ಲಿ ಕುಳಿತು ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಶೆಡ್ಡಿನಲ್ಲಿ ಅಳದೆ ಉಳಿಸಿದ್ದನ್ನೆಲ್ಲ ಅತ್ತ. ನಾವೂ ಅತ್ತೆವು, ಅದನ್ನು ಮುಚ್ಚಿಡುವುದರಲ್ಲಿ ಏನಿದೆ. ಶೇಕಬ್ಬರ ಕೆಮ್ಮು ಕೂಡ ತಗ್ಗಿತು. ಆಮೇಲೆ ಅವನು ಮುಖ ಒರೆಸಿಕೊಂಡು ಎದ್ದ.

"ಹಾಗಾದರೆ ನೀವೇ ಕೊಡಿ ಬರ್ತಾ ಬಾಯಿ. ಕಾರ್ಕಳದವರು ಆಗಿನಿಂದ ಕಾಯುತ್ತಿದ್ದಾರೆ."

ಉಮಾನಾಥ ಬೆಲ್ಲ ಕಚ್ಚಿ ಇಡೀ ಚೊಂಬು ನೀರು ಕುಡಿದ. ಹೊಸ ಹೊದಿಕೆಯನ್ನು ಸುಗಂಧಿಯ ಕೈಗೆ ಕೊಟ್ಟು, "ಮಾವನಿಗೆ ಇಲ್ಲಿಯೇ ಹಾಸಿಬಿಡು. ನನಗೆ ಹತ್ತೂ ನಲವತ್ತರ ಬಸ್ಸು ಉಂಟು" ಎಂದ.